ಹಡಗಿನವರಿಗೆ ತೋರಿಸುವ ಕಲ್ಲು

ಮಂಡ್ಯ ಜಿಲ್ಲೆಗೆ ಹಡಗು ಎಲ್ಲಿಂದ ಬಂತು ಎಂದು ನಗಬೇಡಿ. ಹಡಗು ನಿಲ್ಲುವುದು ಮಂಗಳೂರಿನಲ್ಲೇ. ನೀರು ನೋಡಿ ನೋಡಿ ಬೇಸತ್ತ ಕೆಲವರು ಅಲ್ಲಿ ಇಳಿದು, ಘಟ್ಟ ಹತ್ತಿ ಮೈಸೂರಿಗೆ ಬರುತ್ತಾರೆ. ಆಮೇಲೆ ಬಂಡೀಪುರದ ಕಾಡುದಾರಿ ಹಿಡಿದು ಕೇರಳಕ್ಕಿಳಿದು, ಕೊಚ್ಚಿಯಲ್ಲಿ ಮತ್ತೆ ಅದೇ ಹಡಗು ಹತ್ತುತ್ತಾರೆ. ಈ ನಡುವೆ ಅವರ ಒಂದು ಹಗಲು ನನ್ನದು. ನಾನು ಗೈಡು. ಬಾವುಟ ಹಿಡಿದವನ ಹಿಂದೆ ಮಂದೆಯಾಗಿ ನಡೆಯಲು ಒಪ್ಪದವರು ಒಬ್ಬರಿಂದೊಬ್ಬರು ಕೇಳಿ ತಿಳಿದು ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಅವರು ಬರುವುದು ಶ್ರೀರಂಗಪಟ್ಟಣಕ್ಕಾಗಿ ಅಲ್ಲ. ಕೋಟೆ, ಸೆರೆಮನೆ, ಬೇಸಿಗೆ ಅರಮನೆ ಇವನ್ನೆಲ್ಲ ಆಟೋದವನೂ ತೋರಿಸುತ್ತಾನೆ. ನನ್ನ ಬಳಿ ಬರುವುದು ಒಂದೇ ಒಂದು ಹಾಳು ಗುಡಿಗಾಗಿ. ಅದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಅಕ್ಕಿಹೆಬ್ಬಾಳಿನಿಂದ ಆಚೆ, ಹೇಮಾವತಿಯ ದಂಡೆಯ ಒಂದು ಊರಲ್ಲಿದೆ. ಬೋರ್ಡಿಲ್ಲ, ಬೇಲಿಯಿಲ್ಲ, ಟಿಕೆಟ್ಟಿಲ್ಲ. ಗೋಪುರ ಬಿದ್ದಿದೆ, ಒಳಗೆ ದೇವರಿಲ್ಲ, ಆದರೆ ಗೋಡೆಯ ಸುತ್ತ ಓಡುವ ಬಳ್ಳಿಯ ಕೆತ್ತನೆ ಮಾತ್ರ ನಿನ್ನೆ ಉಳಿ ಎತ್ತಿಟ್ಟು ಹೋದ ಹಾಗಿದೆ. ಊರಿನ ಹೆಸರು ಹೇಳುವುದಿಲ್ಲ. ಇದನ್ನು ಓದುವವರಲ್ಲಿ ಗೈಡುಗಳೂ ಇರುತ್ತಾರೆ. ಹೇಳಿದರೆ ಮುಂದಿನ ಸೀಸನ್ನಿಗೆ ಅವರ ವ್ಯಾನುಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಆ ಊರಿನವರು ಹೊರಗಿನವರನ್ನು ಒಳಗೆ ಬಿಡುವುದಿದ್ದರೆ ನನ್ನ ಜೊತೆ ಬಂದವರನ್ನು ಮಾತ್ರ. ಆ ನಂಬಿಕೆ ಹೋದರೆ ನನ್ನ ಅನ್ನ ಹೋಯಿತು. ಅದನ್ನು ನಾನು ಯಾವತ್ತೂ ಮರೆತವಳಲ್ಲ.

ನನಗೆ ಅನುಮಾನ ಹೆಚ್ಚು ಎಂದು ಮನೆಯವರು ಆಡಿಕೊಳ್ಳುತ್ತಾರೆ. ಹೆಚ್ಚಾಗದೆ ಏನು ಮಾಡೀತು? ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಕಡೆ. ಅಪ್ಪ ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರು. ದಿನಾ ಬೆಳಿಗ್ಗೆ ಊರಿನ ಅಷ್ಟೂ ಜನ ಕ್ಯಾನು ಹಿಡಿದು ಎದುರು ನಿಂತರೆ, ಅಪ್ಪ ಗಾಜಿನ ಕಡ್ಡಿಯನ್ನು ಹಾಲಿಗಿಳಿಸಿ, ಅದು ತೇಲುವ ರೀತಿ ನೋಡಿ, ಮುಖವನ್ನೂ ಒಮ್ಮೆ ನೋಡುತ್ತಿದ್ದರು. ನಮ್ಮಜ್ಜಿಯ ಹಾಲಿಗೂ ಕಡ್ಡಿ ಇಳಿಯುತ್ತಿತ್ತು. ಅಜ್ಜಿ ಬಯ್ಯುತ್ತಿದ್ದಳು, ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಥವರ ಮಗಳು ನಾನು. ಮದುವೆಯಾಗಿ ಪಾಂಡವಪುರಕ್ಕೆ ಬಂದು ಇಷ್ಟು ವರ್ಷವಾದರೂ ಯಾರಾದರೂ ಹೊಸಬರು ಎದುರು ಬಂದರೆ ನನ್ನೊಳಗೆ ಆ ಕಡ್ಡಿ ತನ್ನಷ್ಟಕ್ಕೆ ಇಳಿದುಬಿಡುತ್ತದೆ.

ಆ ಹಾಳು ಗುಡಿಯ ಊರು ನನಗೆ ಹಿಡಿಸಿದ್ದೂ ಅದಕ್ಕೇ. ಊರಿಗೆ ಊರೇ ನನ್ನಂಥದ್ದು. ಹಿಂದೆ ಯಾರೋ ಅಮಾವಾಸ್ಯೆಯ ದಿನ ನಿಧಿಯ ಆಸೆಗೆ ಗುಡಿಯ ಹಿಂದೆ ಅಗೆದು ಹೋಗಿದ್ದರು. ಗುಂಡಿ ಇನ್ನೂ ಹಾಗೇ ಇದೆ, ಮುಚ್ಚಿಲ್ಲ, ನೆನಪಿಗಿರಲಿ ಎಂದು ಬಿಟ್ಟಿದ್ದಾರೆ. ಆವತ್ತಿನಿಂದ ಅಲ್ಲೊಂದು ಕಟ್ಟಳೆ. ಗುಡಿಯೊಳಗೆ ಹೋಗುವವರೂ ಬರುವವರೂ ಜಗಲಿಯ ಮೇಲೆ ಚೀಲ ಬಿಚ್ಚಿ, ಜೇಬು ಹೊರಳಿಸಿ ತೋರಿಸಬೇಕು. ಊರವರಾದರೂ ಸರಿ, ಹೆಣ್ಣು ಕೊಟ್ಟ ಮನೆಯವರಾದರೂ ಸರಿ. ಇದನ್ನೆಲ್ಲ ನೋಡಿಕೊಳ್ಳುವುದು ಗುಡಿಯ ಗೋಡೆಗೆ ಗೋಡೆ ತಾಗಿಸಿಕೊಂಡು ಮನೆ ಕಟ್ಟಿರುವ ಒಬ್ಬ ಅಜ್ಜಿ. ಅವಳಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ನಾನು ಅವಳ ಮಾತನ್ನು ಹಡಗಿನವರಿಗೆ ಹೇಳುವಾಗ ಕಿವಿಗೊಟ್ಟು ಕೂತಿರುತ್ತಾಳೆ.

"ನಾನ್ ಅಷ್ಟುದ್ದ ಯೋಳುದ್ರೆ ನೀನ್ಯಾಕವ್ವಾ ಇಷ್ಟ್ರಲ್ಲೇ ಮುಗ್ಸುದ್ದೆ? ಏನ್ ನುಂಗ್ಕಂಡೆ?" ಎಂದು ಕೇಳುತ್ತಾಳೆ.

ಚೀಲ ತೋರಿಸುವುದರಿಂದ ಬಿಡುಗಡೆಯಿದ್ದದ್ದು ನನಗೊಬ್ಬಳಿಗೇ. ಗೈಡಮ್ಮ ನಮ್ಮವಳು ಎಂದು ಅಜ್ಜಿಯೇ ಹೇಳಿದ್ದಳು. ಅದರಿಂದ ನನಗೆ ಜಂಬ ಬಂದಿದ್ದು ನಿಜ. ಒಂದು ಸಲ ಆ ಊರಿನ ಟ್ರಾಕ್ಟರಿನವನು, ನಲವತ್ತು ದಾಟಿದ ಗಂಡಸು, ಹಡಗಿನವರನ್ನು ನೋಡುವ ಕುತೂಹಲಕ್ಕೆ ನಮ್ಮ ಹಿಂದೆಯೇ ಒಳಗೆ ಬಂದಿದ್ದ. ಹೊರಡುವಾಗ ಅವನು ಜೇಬು ತೋರಿಸದೆ ನುಣುಚಿಕೊಳ್ಳುವುದನ್ನು ಕಂಡು, "ಎಲ್ಲರೂ ಅಂದರೆ ಎಲ್ಲರೂ" ಎಂದೆ. ಹೊರಳಿಸಿದ ಜೇಬಿನಿಂದ ಬಿದ್ದದ್ದು ಬ್ರಾಂದಿ ಪ್ಯಾಕೆಟ್ಟು, ಅದೂ ಅವನ ತಾಯಿಯ ಕಾಲ ಬಳಿ. ಆ ಮುದುಕಿ ಅವನಿಗೆ ಮಾಡಿದ ಮಂಗಳಾರತಿಯನ್ನು ಹಡಗಿನವರು ಫೋನಿನಲ್ಲಿ ಹಿಡಿದುಕೊಂಡು ಹೋದರು.

ಇನ್ನು ಆ ದಂಪತಿಯ ವಿಷಯ. ಹೋದ ಚಳಿಗಾಲದ ಮಾತು. ಗಂಡನಿಗೆ ಎಂಬತ್ತರ ಹತ್ತಿರ, ಹೆಂಡತಿ ಸ್ವಲ್ಪ ಚಿಕ್ಕವಳು. ಅವಳು ಮಾತುಗಾತಿ, ಅವನು ಮೌನಿ. ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಗೋಡೆಯ ಹತ್ತಿರ ಕಾರಿಳಿದಾಗಲೇ ನನ್ನ ಕಣ್ಣು ಬಿದ್ದದ್ದು ಅವನ ಚೀಲದ ಮೇಲೆ. ಕಂದು ಬಣ್ಣದ ಕ್ಯಾನ್ವಾಸ್ ಚೀಲ, ಹೆಗಲಿಂದ ತೊಡೆಯವರೆಗೆ ಇಳಿಬಿಟ್ಟದ್ದು. ಅದರ ಮೇಲೆ ಸದಾ ಒಂದು ಕೈ. ಕಾರಿನಲ್ಲಿಡಿ ಎಂದೆ, ತಲೆಯಾಡಿಸಿದ. ಡ್ರೈವರು ಹಿಡಿದುಕೊಳ್ಳಲು ಹೋದರೆ ಮೈಯನ್ನೇ ಮುಟ್ಟಿದಂತೆ ಹಿಂದೆ ಸರಿದ.

ಕೋಟೆಯ ಬಳಿ ನಾನು ಯಾವಾಗಲೂ ಒಂದು ಆಟ ಆಡಿಸುತ್ತೇನೆ. ಕೋಟೆಯ ಕಲ್ಲಿಗೆ ಉಗುರು ಹಾಕಿ ನೋಡಿ ಎನ್ನುತ್ತೇನೆ. ಉಗುರು ಮುರಿಯುತ್ತದೆ ಹೊರತು ಕಲ್ಲು ಮಿಸುಕುವುದಿಲ್ಲ. ಆಮೇಲೆ ನನ್ನ ಚೀಲದಿಂದ ಅಂಗೈಯಗಲದ ಬಳಪದ ಕಲ್ಲಿನ ಚೂರೊಂದನ್ನು ತೆಗೆದು ಕೊಡುತ್ತೇನೆ. ಅದಕ್ಕೆ ಉಗುರು ಹಾಕಿದರೆ ಬಿಳಿಯ ಗೀರು ಮೂಡುತ್ತದೆ. ಮಧ್ಯಾಹ್ನ ನೋಡಲಿರುವ ಗುಡಿ ಈ ಕಲ್ಲಿನದು, ಅದಕ್ಕೇ ಅಷ್ಟು ನವಿರು ಕೆತ್ತನೆ ಎಂದು ವಿವರಿಸುತ್ತೇನೆ. ನಮ್ಮ ಕಸುಬಿನಲ್ಲಿ ಇಂಥ ತೋರಿಸುವ ಕಲ್ಲು ಬಹಳ ಜನರ ಬಳಿ ಇರುತ್ತದೆ. ನನ್ನದು ಶ್ರೀರಂಗಪಟ್ಟಣದ ರಸ್ತೆಬದಿಯಲ್ಲಿ ಗಣಪತಿ ಕೆತ್ತಿ ಮಾರುವ ಒಬ್ಬ ಶಿಲ್ಪಿ ಕೊಟ್ಟದ್ದು. ಬಳ್ಳಿಯ ಸುರುಳಿಯೊಂದನ್ನು ಕೆತ್ತಲು ಹೋಗಿ ಎಲೆ ಮುರಿದದ್ದರಿಂದ ಎಸೆದಿದ್ದ ಚೂರು. ಹೆಂಡತಿ ಅದನ್ನು ಗೀರಿ ಗೀರಿ ಮಗುವಿನಂತೆ ನಕ್ಕಳು. ಗಂಡ ಎಲ್ಲಿ ಎಂದು ನೋಡಿದರೆ ಆಸಾಮಿ ಇಲ್ಲ. ಗೋಡೆಯ ಹಿಂದಿನ ಪೊದೆಯಿಂದ ಚೀಲ ಸರಿಮಾಡಿಕೊಳ್ಳುತ್ತ ಬಂದ.

ಸೆರೆಮನೆಯ ಹತ್ತಿರವೂ ಅದೇ ಕಥೆ. ನಾನು ಹೇಳುವುದನ್ನು ಅರ್ಧ ಕೇಳಿ, ಸುತ್ತಮುತ್ತ ಯಾರೂ ಇಲ್ಲದ ಮೂಲೆ ಹುಡುಕಿ ಮಾಯವಾಗುತ್ತಿದ್ದ. ಹೆಂಡತಿ ಆಗ ಜೋರಾಗಿ ಏನಾದರೊಂದು ಪ್ರಶ್ನೆ ಕೇಳಿ ನನ್ನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಇಬ್ಬರೂ ಕೂಡಿ ಆಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ದಾರಿಯಲ್ಲಿ ಪಾಂಡವಪುರದ ನಮ್ಮ ಮನೆಯಲ್ಲಿ ಕಾಫಿಗೆ ನಿಂತಾಗ ಅವನು ಚೀಲದ ಸಮೇತ ಬಚ್ಚಲಮನೆಗೆ ಹೋಗಿ ಬಹಳ ಹೊತ್ತು ಬಾಗಿಲು ಹಾಕಿಕೊಂಡ. ಹೊರಬಂದ ಮೇಲೆ ಏನಾದರೂ ಕಾಣೆಯಾಗಿದೆಯೇ ಎಂದು ಹೋಗಿ ನೋಡಿದೆ. ಕದಿಯುವಂಥದ್ದು ಅಲ್ಲೇನಿತ್ತು, ಒಂದು ಸೀಗೆಪುಡಿ ಡಬ್ಬ. ಅದಿತ್ತು. ಆದರೂ ಸಮಾಧಾನವಾಗಲಿಲ್ಲ.

ಕಾರು ಕೆ.ಆರ್. ಪೇಟೆ ದಾಟುವಾಗ ವಾಪಸ್ ತಿರುಗಿಬಿಡೋಣವೇ ಅನ್ನಿಸಿತು. ಬಿದ್ದ ಗುಡಿಗಳಿಂದ ಕಲ್ಲಿನ ಚೂರು ಎತ್ತಿಕೊಂಡು ಹೋಗುವ ಪ್ರವಾಸಿಗಳು ಇದ್ದಾರೆ. ಮನೆಯ ಶೋಕೇಸಿಗೆ ಎಂದು ಒಯ್ಯುವವರೂ ಉಂಟು, ಮಾರುವವರೂ ಉಂಟು. ಇವನು ಅಲ್ಲಿ ಒಂದು ಎಲೆಯ ಚೂರು ಎತ್ತಿದರೂ ನನ್ನ ಬಾಗಿಲು ಮುಚ್ಚಿತು. ಆದರೆ ಏನೆಂದು ಹೇಳಿ ತಿರುಗುವುದು? ಹೆಂಡತಿ ಆ ಗುಡಿಯನ್ನು ನೋಡಲೆಂದೇ ಬಂದೆ ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದಳು. ಕಣ್ಣಿಟ್ಟು ಕಾಯುವುದೇ ಸರಿ ಎಂದುಕೊಂಡೆ.

ನಾವು ಹೋದಾಗ ಅಜ್ಜಿ ಜಗಲಿಯಲ್ಲಿರಲಿಲ್ಲ. ಆಡಿಗೆ ಸೊಪ್ಪು ತರಲು ಹೋಗಿದ್ದಾಳೆ ಎಂದರು. ನನ್ನ ಮಾತಿನ ಮೇಲೆ ಯಾರೂ ತಡೆಯದೆ ಒಳಗೆ ಬಿಟ್ಟರು. ಹೆಂಡತಿಗೆ ಬಳ್ಳಿಯ ಕೆತ್ತನೆ ತೋರಿಸುತ್ತಿದ್ದೆ. ಅವಳು ಗೋಡೆಗೆ ಕೆನ್ನೆಯೊತ್ತುವಷ್ಟು ಹತ್ತಿರ ಹೋಗಿ ಸುಮ್ಮನಾಗಿಬಿಟ್ಟಳು. ಅದೊಂದು ಗಳಿಗೆ ನಾನೂ ಮೈಮರೆತೆ. ತಿರುಗಿದರೆ ಗಂಡ ಇಲ್ಲ.

ಹಿಂದಕ್ಕೆ ಓಡಿದೆ. ಗುಡಿಯ ಬೆನ್ನಿಗೆ, ನಿಧಿಗಳ್ಳರು ತೋಡಿದ ಗುಂಡಿಯ ಅಂಚಿನಲ್ಲಿ ಅವನು ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕೈ ಚೀಲದೊಳಗೆ. ನನ್ನನ್ನು ಕಂಡವನೇ ಬೆಚ್ಚಿ ಚೀಲ ಮುಚ್ಚಿ ಎದ್ದ. ಮುಖ ಕೆಂಪಾಗಿತ್ತು. ಸಿಕ್ಕಿಬಿದ್ದ ಮುಖ ಎಂದರೆ ಇದೇ ಎಂದುಕೊಂಡೆ.

ಹೊರಗೆ ಬರುವ ಹೊತ್ತಿಗೆ ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಸುತ್ತ ನಾಲ್ಕಾರು ಜನ, ಟ್ರಾಕ್ಟರಿನವನೂ ಇದ್ದ.

"ಬ್ಯಾಗ್ ಮಡಗಕ್ಕೇಳವ್ವಾ ಅವುರ್ಗೆ," ಎಂದಳು ಅಜ್ಜಿ.

ಹೆಂಡತಿ ಬಿಚ್ಚಿ ತೋರಿಸಿದಳು. ಗಂಡ ಆಗುವುದಿಲ್ಲ ಎಂದ. ಇದು ಎಲ್ಲರಿಗೂ ಇರುವ ಕಟ್ಟಳೆ ಎಂದು ನಾನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ. ಅವನು ಚೀಲವನ್ನು ಎದೆಗವಚಿಕೊಂಡು ಮತ್ತೆ ಆಗುವುದಿಲ್ಲ ಎಂದ. ಆಗ ನಾನು ಊರವರ ಕಡೆ ತಿರುಗಿ, "ಬೆಳಿಗ್ಗೆಯಿಂದ ನನಗೂ ಇವರ ಮೇಲೆ ಅನುಮಾನ. ಈಗ ಗುಂಡಿ ಹತ್ತಿರ ಕೂತಿದ್ದನ್ನ ಕಣ್ಣಾರೆ ನೋಡಿದೆ. ಬಿಚ್ಚಿಸಿಯೇ ಬಿಡಿ" ಎಂದೆ. ಜನ ಹತ್ತಿರ ಬಂದರು. ಹೆಂಡತಿಯ ಕಣ್ಣಲ್ಲಿ ನೀರು.

ಅಜ್ಜಿ ಎದ್ದಳು. ಎಲ್ಲರಿಗೂ ದೂರ ನಿಲ್ಲಲು ಹೇಳಿ, ಮುದುಕನ ತೋಳು ಹಿಡಿದು ಕಂಬದ ಮರೆಗೆ ಕರೆದೊಯ್ದಳು. ಅವನು ಏಕೋ ಅವಳಿಗೆ ಎದುರಾಡಲಿಲ್ಲ. ಒಂದು ಕ್ಷಣ ಅಷ್ಟೆ. ಅಜ್ಜಿ ಚೀಲದೊಳಗೆ ಇಣುಕಿ, ತಾನೇ ಅದರ ಬಾಯಿ ಮುಚ್ಚಿ, ಅವನ ಬೆನ್ನು ತಟ್ಟಿ ವಾಪಸ್ ಕರೆತಂದಳು.

"ಕಲ್ಲೂ ಇಲ್ಲ ಮಣ್ಣೂ ಇಲ್ಲ. ನಾನ್ ನೋಡಿವ್ನಿ. ಓಗ್ಲಿ ಬುಡಿ," ಎಂದಳು.

ನಾನು ಬಿಡುವವಳಲ್ಲ. ಹತ್ತಿರ ಹೋಗಿ ಹಾಗಾದರೆ ಏನಿತ್ತು ಎಂದು ಪಿಸುಗುಟ್ಟಿದೆ. ಅಜ್ಜಿ ನನ್ನ ಕಿವಿಗೆ ಬಾಯಿಟ್ಟು, "ಉಚ್ಚೆ ಚೀಲ ಕಣವ್ವಾ. ನಮ್ಮನೆಯವ್ರಿಗೂ ಪೇಟೆ ಆಸ್ಪತ್ರೇಲಿ ಪೈಪ್ ಆಕಿ ಇದ್ನೇ ಕಟ್ಟಿದ್ರು. ಸಾಯಗಂಟ ಟವಲ್ ಮುಚ್ಕಂಡೇ ಓಡಾಡುದ್ರು. ತುಂಬ್ದಾಗ ಆ ಗುಂಡಿಗೆ ಸುರ್ದವ್ನೆ. ಸುರೀಲಿ ಬುಡು, ಕಳ್ಳರು ತೋಡಿದ್ ಗುಂಡಿಗೆ ಇನ್ನೇನ್ ಬೀಳ್ಬೇಕಿತ್ತು?" ಎಂದಳು.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಸಿಟ್ಟೂ ಬಂತು, ಮೊದಲೇ ನನ್ನ ಕಿವಿಯಲ್ಲಿ ಒಂದು ಮಾತು ಹಾಕಬಾರದಿತ್ತೇ ಎಂದು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಟ್ರಾಕ್ಟರಿನವನು ಮುಂದೆ ಬಂದ.

"ಎಲ್ಲಾರ್ದೂ ನೋಡಾಯ್ತಲ್ಲ, ಗೈಡಮ್ಮಂದು? ಎಲ್ಲಾರೂ ಅಂದ್ರೆ ಎಲ್ಲಾರೂ ಅಂತ ಅವ್ರೇ ಯೋಳಿದ್ರಪ್ಪ."

ಅಜ್ಜಿ ತಡೆಯುವ ಮೊದಲೇ ನಾನು ಚೀಲವನ್ನು ಜಗಲಿಯ ಮೇಲೆ ಬೋರಲು ಸುರಿದೆ. ನೋಡಿಕೊಳ್ಳಿ ಎನ್ನುವ ದರ್ಪ ಬೇರೆ. ನೀರಿನ ಬಾಟಲಿ ಉರುಳಿತು, ಕೊಡೆ ಬಿತ್ತು, ತಲೆನೋವಿನ ಮಾತ್ರೆ ಬಿತ್ತು. ಆಮೇಲೆ ಟಣ್ಣೆಂದು ಆ ಕಲ್ಲು ಬಿತ್ತು.

ಟ್ರಾಕ್ಟರಿನವನು ಅದನ್ನು ಎತ್ತಿ, ತಿರುಗಿಸಿ, ಬಳ್ಳಿಯ ಸುರುಳಿಯನ್ನೂ ಮುರಿದ ಎಲೆಯನ್ನೂ ನೋಡಿ, ನೇರ ಗುಡಿಯೊಳಗೆ ಹೋದ. ನಾವೆಲ್ಲ ಹಿಂದೆ ಹೋದೆವು. ಗೋಡೆಯ ಬಳ್ಳಿಯಲ್ಲಿ ಒಂದು ಕಡೆ ಒಡೆದ ಜಾಗವಿತ್ತು. ಅಲ್ಲಿಗೆ ಹಿಡಿದ. ಸರಿಯಾಗಿ ಕೂರಲಿಲ್ಲ. ಆದರೆ ಅಲ್ಲಿಯದಲ್ಲವೇ ಅಲ್ಲ ಎನ್ನುವಷ್ಟು ತಪ್ಪಾಗಿಯೂ ಇರಲಿಲ್ಲ.

"ಅದು ಶ್ರೀರಂಗಪಟ್ಟಣದ್ದು, ಜನರಿಗೆ ತೋರಿಸೋಕೆ ಇಟ್ಟುಕೊಂಡಿರೋದು," ಎಂದೆ. ನನ್ನ ದನಿ ನನಗೇ ಕಳ್ಳದನಿಯಾಗಿ ಕೇಳಿಸಿತು. ಹೆಂಡತಿಗೆ ಕಲ್ಲು ನೋಡಿಯೇ ವಿಷಯ ಅರ್ಥವಾಯಿತು. ಮುಂದೆ ಬಂದು, ಬೆಳಿಗ್ಗೆ ಕೋಟೆಯ ಹತ್ತಿರ ಇದನ್ನೇ ಉಗುರಿನಿಂದ ಗೀರಿದೆ, ಇದು ಇವರ ಚೀಲದಲ್ಲೇ ಇತ್ತು, ಹೇಳಿ ಅವರಿಗೆ ಎಂದು ನನ್ನನ್ನು ಒತ್ತಾಯಿಸಿದಳು. ಸ್ವಲ್ಪ ಹೊತ್ತಿನ ಹಿಂದೆ ನಾನು ಅಳಿಸಿದ್ದ ಹೆಂಗಸು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಅವ್ರು ಏನಂದ್ರು ಅಂತ ಯೋಳೋಳು ನೀನೇ ತಾನೆ?" ಎಂದ ಟ್ರಾಕ್ಟರಿನವನು.

ಶಿಲ್ಪಿಗೆ ಫೋನ್ ಮಾಡುತ್ತೇನೆ ಎಂದೆ. ಸ್ಪೀಕರಿಗೆ ಹಾಕು ಎಂದರು. ಹಾಕಿದೆ. ಅವನು ಎತ್ತಿದ. ನಾನು ಅವಸರದಲ್ಲಿ, "ನೀನು ನನಗೆ ಬಳ್ಳಿ ಕೆತ್ತಿದ ಕಲ್ಲು ಕೊಟ್ಟಿದ್ದೆಯಲ್ಲ, ಅದು ನಿನ್ನದೇ ಅಂತ ಇವರಿಗೆ ಹೇಳು" ಎಂದೆ. ಹಿಂದಿನಿಂದ ಯಾರೋ, "ಗುಡಿ ಕಲ್ಲು ಕಣ್ಲಾ, ನಿಜ ಯೋಳ್ಳಾ" ಎಂದು ಕೂಗಿದರು. ಅವನ ತಲೆಯಲ್ಲಿ ಏನು ಓಡಿತೆಂದು ನನಗೆ ಅಲ್ಲಿಂದಲೇ ಗೊತ್ತಾಯಿತು. ಪೊಲೀಸು, ಇಲಾಖೆ, ಕೇಸು, ಸಾಕ್ಷಿ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

"ನಾನ್ಯಾವ್ ಕಲ್ಲೂ ಕೊಟ್ಟಿಲ್ಲ ಕಣಕ್ಕ. ನಂಗೂ ನಿಮ್ಗೂ ಅಂಥಾ ಪರಿಚಯಾನೂ ಇಲ್ಲ," ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಹೊತ್ತು ವಾಲುತ್ತಿತ್ತು. ಬಂಡೀಪುರದ ಕಾಡುದಾರಿಯ ಗೇಟು ರಾತ್ರಿ ಮುಚ್ಚುತ್ತದೆ. ಅಷ್ಟರೊಳಗೆ ದಾಟದಿದ್ದರೆ ಕೊಚ್ಚಿಯಲ್ಲಿ ಹಡಗು ತಪ್ಪುತ್ತದೆ. ಹಡಗಿನ ಬಸ್ಸಿನಲ್ಲಿ ಹೋದವರಿಗಾದರೆ ಕಾಯುತ್ತಾರೆ, ನನ್ನಂಥವರ ಜೊತೆ ಬಂದವರಿಗೆ ಕಾಯುವುದಿಲ್ಲ. ಡ್ರೈವರು ಆಗಲೇ ಹಾರನ್ ಹೊಡೆಯುತ್ತಿದ್ದ. ಕಲ್ಲು ನನ್ನದು ಎಂದು ಹಟ ಹಿಡಿದು ಎತ್ತಿಕೊಂಡರೆ ಕಾರು ಬಿಡುವುದಿಲ್ಲ. ಬಿಟ್ಟು ಹೋದರೆ ಕದ್ದದ್ದನ್ನು ಒಪ್ಪಿಕೊಂಡಂತೆ.

ಅಜ್ಜಿ ಕಲ್ಲನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. "ವೊತ್ತಾಯ್ತದೆ, ವೊರಡವ್ವಾ. ಕಲ್ಲು ಇಲ್ಲೇ ಇರ್ಲಿ. ನಿಂದಾಗಿದ್ರೆ ನಿಂಗೆ ಇನ್ನೊಂದ್ ಸಿಕ್ತದೆ. ನಮ್ದಾಗಿದ್ರೆ ಬಂತಲ್ಲ."

ನಾನು ಬಿಟ್ಟು ಬಂದೆ. ಕಾರಿನಲ್ಲಿ ದಂಪತಿಯ ಕ್ಷಮೆ ಕೇಳಿದೆ. ಮುದುಕ ಬೆಳಿಗ್ಗೆಯಿಂದ ಮೊದಲ ಬಾರಿಗೆ ನನ್ನ ಮುಖ ನೋಡಿ, ಚೀಲ ಬಿಚ್ಚಿ ತೋರಿಸುವುದು ಎಷ್ಟು ಕಷ್ಟ ನೋಡಿದಿರಲ್ಲ ಎಂದ. ಅಷ್ಟೇ ಅಂದದ್ದು. ಹಡಗು ತಪ್ಪಲಿಲ್ಲವಂತೆ, ಆಮೇಲೆ ಹೆಂಡತಿಯಿಂದ ಸಂದೇಶ ಬಂತು.

ಆ ಬಾಗಿಲು ಮುಚ್ಚಿತು ಎಂದೇ ತಿಳಿದಿದ್ದೆ. ಆದರೂ ಮುಂದಿನ ಹಡಗಿನವರನ್ನು ಕರೆದುಕೊಂಡು ಹೋದೆ. ಊರಲ್ಲಿ ಯಾರೂ ತಡೆಯಲಿಲ್ಲ. ಟ್ರಾಕ್ಟರಿನವನೇ ಎಳನೀರು ಕೊಚ್ಚಿ ಕೊಟ್ಟ. ಹಿಂದೆಂದೂ ಇಲ್ಲದ ಆದರ. ಜಗಲಿಯ ಮೂಲೆಯಲ್ಲಿ ಅರಿಸಿನ ಬಳಿದು, ಕುಂಕುಮವಿಟ್ಟು, ನನ್ನ ಕಲ್ಲನ್ನು ಕೂರಿಸಿದ್ದರು. ಮೇಲೊಂದು ಕಣಗಿಲೆ ಹೂವು. ಯಾರೂ ಕೇಳುವ ಮೊದಲೇ ನಾನು ನನ್ನ ಚೀಲ ಸುರಿದು ತೋರಿಸಿದೆ. ಈಗಲೂ ಮೊದಲು ಸುರಿಯುವುದು ನಾನೇ.

ಅವರು ನನ್ನನ್ನು ಕಳ್ಳಿ ಎಂದು ನಂಬಿದ್ದಾರೆ. ಕದ್ದದ್ದನ್ನು ತಂದೊಪ್ಪಿಸಿದ ಕಳ್ಳಿ ಎಂದು ನಂಬಿರುವುದರಿಂದಲೇ ಒಳಗೆ ಬಿಡುತ್ತಾರೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶಿಲ್ಪಿಯನ್ನು ಎಳೆದು ತಂದು ನಿಲ್ಲಿಸೋಣ ಅನ್ನಿಸುತ್ತದೆ. ಆಮೇಲೆ ಅವನು ನಿಜ ಹೇಳಿ ಆ ಕಲ್ಲು ಬರೀ ಕಲ್ಲಾಗಿಬಿಟ್ಟರೆ, ಊರು ನನ್ನನ್ನು ಹೇಗೆ ನೋಡುತ್ತದೋ ಎಂಬ ಅನುಮಾನ ಬರುತ್ತದೆ. ಸುಮ್ಮನಾಗುತ್ತೇನೆ.

ಹಡಗಿನವರಂತೂ ಹೂವಿಟ್ಟ ಕಲ್ಲನ್ನು ಕಂಡ ಕೂಡಲೇ ಇದೇನು ಎಂದು ಕೇಳಿಯೇ ಕೇಳುತ್ತಾರೆ. ಅಜ್ಜಿ ಕಾಲು ಚಾಚಿ ಕೂತು ಶುರುಮಾಡುತ್ತಾಳೆ. ಗುಡಿಯ ಕಲ್ಲೊಂದು ಕಳುವಾಗಿತ್ತು, ಬಹಳ ದಿನ ಊರೂರು ತಿರುಗಿತ್ತು, ಕೊನೆಗೆ ತಾನಾಗಿ ವಾಪಸ್ ಬಂತು. ಕೇಳುವವರ ಕಣ್ಣು ಅರಳುತ್ತದೆ. ಕಳ್ಳರು ಸಿಕ್ಕರೇ ಎಂದು ಯಾರಾದರೊಬ್ಬರು ಕೇಳುತ್ತಾರೆ. ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಬೇಕು.

ಅಜ್ಜಿ ನನ್ನನ್ನೇ ನೋಡುತ್ತ, "ಸಿಕ್ಕುದ್ಲು ಅಂತೇಳು. ಕೆಟ್ಟೋಳಲ್ಲ, ಏನೋ ಆಸೆಗ್ ಬಿದ್ದಿದ್ಲು. ತಂದ್ಕೊಟ್ಲಲ್ಲ, ಅದ್ಕೆ ನಾವೂ ಒಟ್ಟೆಗಾಕಂಡ್ವಿ ಅಂತೇಳು" ಎನ್ನುತ್ತಾಳೆ.

ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಒಂದು ಮಾತು ಬಿಡುವ ಹಾಗಿಲ್ಲ, ಚಿಕ್ಕದಾಯಿತೆಂದರೆ ಅಜ್ಜಿಗೆ ಅನುಮಾನ ಬರುತ್ತದೆ.